ಇಟ್ಟಿಗೆ ಸಂದಿನಲ್ಲಿ ಬೆಳಕು ಕಾಣುತ್ತಿದೆ, ಮೇಸ್ತ್ರಿಗೆ ಹೇಗೆ ಹೇಳಲಿ?

ಹೊಸಗೋಡೆ
ಎಲ್ಲರಿಗೂ ನಮಸ್ಕಾರ. ಇರುವ ಮನೆಗೆ ಅಂಟಿಕೊಂಡ ಹಾಗೆ ಒಂದು ಕೋಣೆ ಕಟ್ಟಿಸುತ್ತಿದ್ದೇನೆ. ಸುಟ್ಟ ಕೆಂಪು ಇಟ್ಟಿಗೆ, ಸಿಮೆಂಟ್ ಗಾರೆ, ಒಂದು ಇಟ್ಟಿಗೆ ದಪ್ಪದ ಗೋಡೆ. ಕೆಲಸ ಶುರುವಾಗಿ 4 ದಿನ ಆಯ್ತು. ಗೋಡೆ ಎದೆಮಟ್ಟಕ್ಕೆ ಬಂದಿದೆ.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಒಳಗೆ ನಿಂತು ನೋಡಿದೆ. ಬಿಸಿಲು ಆ ಕಡೆಯಿಂದ ಬೀಳುತ್ತಿತ್ತು. ಇಟ್ಟಿಗೆ ಇಟ್ಟಿಗೆಯ ನಡುವೆ ಬೆಳಕಿನ ಗೆರೆ ಕಂಡಿತು. ಮಲಗಿದ ಸಂದಿನಲ್ಲಿ ಅಲ್ಲ, ನಿಂತ ಸಂದಿನಲ್ಲಿ. ಎಣಿಸಿದೆ, ಒಂದೇ ಗೋಡೆಯಲ್ಲಿ 17. ಒಂದರಲ್ಲಿ ಕಡ್ಡಿ ತೂರಿಸಿದರೆ ಆ ಕಡೆ ಹೊರಗೆ ಬಂತು.

ಇನ್ನೂ ಎರಡು ವಿಷಯ. ಊಟಕ್ಕೆ ಮುಂಚೆ ಕಲಸಿಟ್ಟ ಗಾರೆ ವಾಪಸ್ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಅದಕ್ಕೆ ಮತ್ತೆ ನೀರು ಸುರಿದು ಕಲಸಿ ಬಳಸುತ್ತಾರೆ. ಇಟ್ಟಿಗೆ ರಾಶಿಗೂ ಬೆಳಿಗ್ಗೆ ಪೈಪಿನಲ್ಲಿ ಒಂದು ಸಲ ನೀರು ಹಾಯಿಸುತ್ತಾರೆ, ಅಷ್ಟೇ.

ಮೇಸ್ತ್ರಿ ವಯಸ್ಸಾದವರು, ತುಂಬಾ ಒಳ್ಳೆಯವರು. ನನ್ನನ್ನು ಮಗಳೇ ಅಂತಲೇ ಕರೆಯುತ್ತಾರೆ. ಗೋಡೆ ನೇರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕೆಲಸ ನಡೆಯುವುದೇ ಹೀಗಾ? ಪ್ಲಾಸ್ಟರ್ ಆದ ಮೇಲೆ ಸರಿಹೋಗುತ್ತಾ? ಸರಿಹೋಗಲ್ಲ ಅಂದರೆ ಅವರಿಗೆ ನೋವಾಗದ ಹಾಗೆ ಹೇಗೆ ಹೇಳಲಿ?

ನೆಲಮಹಡಿ
ಪ್ಲಾಸ್ಟರ್ ಎಲ್ಲಾ ಮುಚ್ಚುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮನೆಯಲ್ಲೂ ಹೀಗೇ ಇತ್ತು. 6 ವರ್ಷ ಆಯ್ತು, ಏನೂ ಆಗಿಲ್ಲ.

ಕರಣೆಕೈ
ಮುಚ್ಚುತ್ತದೆ ಸರ್, ತುಂಬುವುದಿಲ್ಲ. ಎರಡೂ ಬೇರೆ.

ನಾನು ಗಾರೆ ಕೆಲಸದವನು. ಅಪ್ಪನಿಗೆ ಕೈಯಾಳಾಗಿ ಶುರು ಮಾಡಿ ಈಗ 22 ವರ್ಷ. ನಿಂತ ಸಂದು ಯಾಕೆ ಖಾಲಿ ಉಳಿಯುತ್ತದೆ ಹೇಳುತ್ತೇನೆ ಅಕ್ಕ. ಕೆಳಗೆ ಗಾರೆ ಹಾಸುತ್ತಾರೆ, ಇಟ್ಟಿಗೆ ಇಡುತ್ತಾರೆ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟುತ್ತಾರೆ. ಇಟ್ಟಿಗೆಯ ಪಕ್ಕಕ್ಕೆ ಗಾರೆ ಮೆತ್ತುವುದನ್ನು ಬಿಡುತ್ತಾರೆ. ಆಮೇಲೆ ಮೇಲಿಂದ ಒಂಚೂರು ಗಾರೆ ಎಳೆದು ಸಂದಿನ ಬಾಯಿ ಮುಚ್ಚುತ್ತಾರೆ. ನೋಡಿದರೆ ತುಂಬಿದ ಹಾಗೇ ಇರುತ್ತದೆ. ಒಳಗೆ ಟೊಳ್ಳು. ಹೀಗೆ ಮಾಡಿದರೆ ಒಂದು ಇಟ್ಟಿಗೆಗೆ 2-3 ಸೆಕೆಂಡು ಉಳಿಯುತ್ತದೆ. ದಿನಕ್ಕೆ 500 ಇಟ್ಟಿಗೆ ಇಡುವವನಿಗೆ ಅದು ಹತ್ತಿರ ಹತ್ತಿರ 20 ನಿಮಿಷ.

ಸರಿಯಾದ ರೀತಿ ಬೇರೆ. ಇಟ್ಟಿಗೆಯ ಪಕ್ಕಕ್ಕೆ ಪೂರ್ತಿ ಗಾರೆ ಮೆತ್ತಿ, ಮೊದಲೇ ಇಟ್ಟ ಇಟ್ಟಿಗೆಗೆ ಒತ್ತಿ ಕೂರಿಸಬೇಕು. ಒತ್ತಿದಾಗ ಗಾರೆ ಹೊರಗೆ ಉಕ್ಕಬೇಕು. ಉಕ್ಕಿದ್ದನ್ನು ಕರಣೆಯಲ್ಲಿ ಸವರಿ ತೆಗೆದು ಮುಂದಿನ ಇಟ್ಟಿಗೆಗೆ ಹಾಕಿಕೊಳ್ಳಬೇಕು. ಉಕ್ಕಲಿಲ್ಲ ಅಂದರೆ ತುಂಬಿಲ್ಲ ಅಂತಲೇ ಅರ್ಥ. ಅಪ್ಪ ನನಗೆ ಮೊದಲ ವಾರ ಕಲಿಸಿದ್ದು ಇದೊಂದನ್ನೇ.

ಖಾಲಿ ಸಂದಿನಿಂದ ಮಳೆನೀರು ಒಳಗೆ ಬರುತ್ತದೆ. ಪಕ್ಕದ ಕೋಣೆಯ ಮಾತು ಕೇಳಿಸುತ್ತದೆ. ಇರುವೆ ಗೂಡು ಕಟ್ಟುತ್ತದೆ. ಗೋಡೆಯೂ ಬಲ ಕಳೆದುಕೊಳ್ಳುತ್ತದೆ. ಎದೆಮಟ್ಟದಲ್ಲಿ ಇರುವಾಗಲೇ ಹೇಳಿ.

ತೂಗುಗುಂಡು
ಕರಣೆಕೈ ಅವರು ಹೇಳಿದ್ದು ಸರಿ, ಒಂದು ಸಣ್ಣ ತಿದ್ದುಪಡಿ. ನಾನು ಸೈಟ್ ಎಂಜಿನಿಯರ್. ಮೇಲಿಂದ ಬರುವ ಭಾರ ಹೊರುವುದು ಮುಖ್ಯವಾಗಿ ಮಲಗಿದ ಸಂದು. ನಿಂತ ಸಂದು ಅಲ್ಲಲ್ಲಿ ಖಾಲಿ ಇದ್ದರೆ ಭಾರ ಹೊರುವ ಶಕ್ತಿ ಅಷ್ಟೇನೂ ಕಮ್ಮಿಯಾಗಲ್ಲ. ಹಾಗಾಗಿ ಮನೆ ಬೀಳುತ್ತದೆ ಅಂತ ಹೆದರಬೇಡಿ. ತೊಂದರೆ ಬರುವುದು ಪಕ್ಕದಿಂದ ತಳ್ಳುವ ಬಲಕ್ಕೆ, ಅಂದರೆ ಗಾಳಿ, ಭೂಕಂಪ ಇಂಥದ್ದಕ್ಕೆ. ಜೊತೆಗೆ ನೀರು ಮತ್ತು ಸದ್ದು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಮೇಸ್ತ್ರಿ ಈಗ ತಾನೇ ಇಟ್ಟ ಇಟ್ಟಿಗೆಯೊಂದನ್ನು ಅವರ ಕೈಯಲ್ಲೇ ಎತ್ತಿಸಿ ನೋಡಿ. ಕೆಳಮುಖಕ್ಕೂ ಪಕ್ಕದ ಮುಖಕ್ಕೂ ಗಾರೆ ಪೂರ್ತಿ ಅಂಟಿರಬೇಕು. ಮಧ್ಯೆ ಬೋಳು ಬಿಟ್ಟಿದ್ದರೆ ಗಾರೆ ಕಮ್ಮಿ ಹಾಕಿದ್ದಾರೆ ಅಥವಾ ಇಟ್ಟಿಗೆ ಒಣಗಿದೆ.

ಹೊಸಗೋಡೆ
ಇಬ್ಬರಿಗೂ ಧನ್ಯವಾದ. ಮತ್ತೆ ನೀರು ಹಾಕಿ ಕಲಸುವುದು?

ಕರಣೆಕೈ
ಹಾಕಲೇಬಾರದು.

ತೂಗುಗುಂಡು
ಅದು ಯಾವಾಗ ಹಾಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ ಕರಣೆಕೈ. ಕಲಸಿ ಅರ್ಧ ಗಂಟೆಯಲ್ಲಿ ಬಿಸಿಲಿಗೆ ನೀರು ಆರಿ ಗಾರೆ ಬಿಗಿಯಾದರೆ, ಆರಿದಷ್ಟು ನೀರನ್ನು ಚಿಮುಕಿಸಿ ಒಂದು ಸಲ ತಿರುವಿದರೆ ತಪ್ಪಿಲ್ಲ. ಆದರೆ ಸಿಮೆಂಟ್ ಹಿಡಿಯಲು ಶುರುವಾದ ಮೇಲೆ ನೀರು ಹಾಕಿದರೆ, ಆಗ ತಾನೇ ಕಟ್ಟಿಕೊಳ್ಳುತ್ತಿದ್ದ ಹಿಡಿತವನ್ನು ಸಲಿಕೆಯಲ್ಲಿ ಒಡೆದ ಹಾಗೆ. ಆಮೇಲೆ ಅದು ಮೆತ್ತಗಾಗುತ್ತದೆ, ಬಲ ಬರಲ್ಲ. ನೀರು ಸೇರಿಸಿದ 2 ಗಂಟೆಯ ಒಳಗೆ ಗಾರೆ ಖಾಲಿಯಾಗಬೇಕು. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಬೇಗ.

ಕರಣೆಕೈ
ನೀವು ಹೇಳುವುದು ಪುಸ್ತಕಕ್ಕೆ ಸರಿ ಸರ್. ಸೈಟಿನಲ್ಲಿ ಆರಿದ್ದು ಯಾವುದು, ಹಿಡಿದಿದ್ದು ಯಾವುದು ಅಂತ ಕೈಯಾಳಿಗೆ ಹೇಗೆ ಗೊತ್ತಾಗಬೇಕು? ಒಂದು ಸಲ ನೀರು ಹಾಕಲು ಬಿಟ್ಟರೆ ಸಂಜೆ 5ಕ್ಕೂ ಹಾಕುತ್ತಾರೆ. ಅದಕ್ಕೇ ನಾನು ಬೇಡ ಅಂದೇ ಬಿಡುತ್ತೇನೆ. ಸಿಮೆಂಟ್ ಮತ್ತು ಮರಳನ್ನು ಒಣ ಮಿಶ್ರಣ ಮಾಡಿ ಇಟ್ಟುಕೊಳ್ಳಲಿ, ಮರಳು ಒಣಗಿರಬೇಕು ಅಷ್ಟೇ. ಮುಕ್ಕಾಲು ಗಂಟೆಗೆ ಬೇಕಾದಷ್ಟಕ್ಕೆ ಮಾತ್ರ ನೀರು ಸೇರಿಸಲಿ. ಊಟಕ್ಕೆ ಹೋಗುವಾಗ ಬಾಂಡ್ಲಿ ಖಾಲಿ ಇರಬೇಕು.

ತೂಗುಗುಂಡು
ಒಪ್ಪಿದೆ. ಆ ಲೆಕ್ಕದಲ್ಲಿ ನಿಮ್ಮ ನಿಯಮವೇ ಒಳ್ಳೆಯದು.

ಹೊಸಗೋಡೆ
ಅಯ್ಯೋ, ಇಲ್ಲಿ ಬೆಳಿಗ್ಗೆ ಎರಡು ಚೀಲ ಒಟ್ಟಿಗೆ ಕಲಸುತ್ತಾರೆ. ಅದೂ ನೆಲದ ಮೇಲೆ.

ಮರಳುಜರಡಿ
ಮಣ್ಣಿನ ನೆಲದ ಮೇಲಾ? ಹಾಗಾದರೆ ಪ್ರತಿ ಸಲಿಕೆಗೂ ಮಣ್ಣು ಸೇರುತ್ತಿದೆ. ತಗಡೋ ಹಲಗೆಯೋ ಹಾಸಲು ಹೇಳಿ. ಏನೂ ಇಲ್ಲ ಅಂದರೆ ದಪ್ಪ ಪ್ಲಾಸ್ಟಿಕ್ ಹಾಳೆಯಾದರೂ ಆಗುತ್ತದೆ.

ಮರಳು ನೋಡಿದ್ದೀರಾ? ಗಾಜಿನ ಬಾಟಲಿಗೆ ಅರ್ಧದಷ್ಟು ಮರಳು ಹಾಕಿ, ಮುಕ್ಕಾಲು ಮಟ್ಟಕ್ಕೆ ನೀರು ತುಂಬಿ, ಒಂದು ಚಮಚ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ. 3 ಗಂಟೆ ಅಲುಗಾಡಿಸದೆ ಬಿಡಿ. ಮರಳು ಕೆಳಗೆ ಕೂರುತ್ತದೆ, ಅದರ ಮೇಲೆ ನುಣುಪಾದ ಮಣ್ಣಿನ ಪದರ ಕೂರುತ್ತದೆ. ಆ ಪದರ ಮರಳಿನ ಎತ್ತರದ 8 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಮರಳು ತೊಳೆಯಬೇಕು ಅಥವಾ ವಾಪಸ್ ಕಳಿಸಬೇಕು. ಸಮುದ್ರದ ಮರಳಂತೂ ಬೇಡವೇ ಬೇಡ. ಉಪ್ಪು ಗೋಡೆಯಲ್ಲಿ ಬಿಳಿ ಬಿಳಿಯಾಗಿ ಹೊರಗೆ ಬರುತ್ತದೆ, ಕಬ್ಬಿಣ ಇದ್ದರೆ ತುಕ್ಕು ಹಿಡಿಸುತ್ತದೆ.

ಕೈಯಾರೆ
ಇಟ್ಟಿಗೆ ನೆನೆಸುವ ವಿಷಯ ಯಾರೂ ಹೇಳಲಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟ್ ಹಿಡಿಯುವುದಕ್ಕೇ ನೀರು ಬೇಕು. ನೀರಿಲ್ಲದೆ ಅದು ಸುಮ್ನೆ ಪುಡಿಯಾಗಿ ಕೂರುತ್ತದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ನಾನು ಹಿತ್ತಲಿನ ಸಣ್ಣ ಗೋಡೆಯನ್ನು ಸ್ವಂತ ಕಟ್ಟಿದೆ. ಮೊದಲ ಸಲ ಒಣ ಇಟ್ಟಿಗೆಯಲ್ಲಿ ಕಟ್ಟಿದ್ದು ಒಂದು ತಿಂಗಳಿಗೆ ಕೈಯಲ್ಲೇ ಕಿತ್ತು ಬಂತು. ಕೆಡವಿ ಮತ್ತೆ ಕಟ್ಟಿದೆ.

ಮರಳುಜರಡಿ
ನೆನೆಸಬೇಕಾ ಬೇಡವಾ ಅಂತ ನೋಡಲು ಸುಲಭದ ದಾರಿ ಇದೆ. ಇಟ್ಟಿಗೆಯ ಮೇಲೆ 25 ಮಿ.ಮೀ. ಅಗಲದ ಒಂದು ವೃತ್ತ ಬರೆಯಿರಿ. ಅದರೊಳಗೆ 20 ಹನಿ ನೀರು ಬಿಡಿ. 90 ಸೆಕೆಂಡ್ ಒಳಗೆ ನೀರೆಲ್ಲ ಹೀರಿಕೊಂಡರೆ ಆ ಇಟ್ಟಿಗೆ ನೆನೆಸಲೇಬೇಕು.

ಕರಣೆಕೈ
ನೆನೆಸಿದ ಇಟ್ಟಿಗೆಯನ್ನು ನೀರು ಸುರಿಯುತ್ತಿರುವಾಗಲೇ ಇಡಬಾರದು, ಅದೂ ತಪ್ಪು. ಗಾರೆಯ ಮೇಲೆ ತೇಲಿ ಜಾರುತ್ತದೆ, ಹಾಲು ಸೋರಿದ ಹಾಗೆ ಸಿಮೆಂಟ್ ಗೋಡೆಯ ಮೇಲೆ ಇಳಿಯುತ್ತದೆ. ಗುಳ್ಳೆ ಬರುವುದು ನಿಲ್ಲುವವರೆಗೆ ತೊಟ್ಟಿಯಲ್ಲಿ ಮುಳುಗಿಸಿ, ಹೊರಗೆ ಜೋಡಿಸಿ, ಮೈಮೇಲಿನ ನೀರು ಆರಿದ ಮೇಲೆ ಇಡಬೇಕು. ಒಳಗೆ ತೇವ, ಹೊರಗೆ ಒಣ.

ಓದುಗ42
ನಮ್ಮದು ಕಾಂಕ್ರೀಟ್ ಬ್ಲಾಕ್. ಅದನ್ನೂ ನೆನೆಸಬೇಕಾ?

ತೂಗುಗುಂಡು
ಬೇಡ. ಕಾಂಕ್ರೀಟ್ ಬ್ಲಾಕ್ ನೆನೆದರೆ ಹಿಗ್ಗುತ್ತದೆ, ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ, ಆಗ ಬಿರುಕು ಬರುತ್ತದೆ. ಮಳೆಗೆ ನೆನೆಯದ ಹಾಗೆ ಮುಚ್ಚಿಡಿ. ಬಿಸಿಲಿದ್ದರೆ ಇಡುವ ಮುಖಕ್ಕೆ ಮಾತ್ರ ಒದ್ದೆ ಬ್ರಷ್ ಎಳೆದರೆ ಸಾಕು.

ನೆಲಮಹಡಿ
ನೀವೆಲ್ಲ ಸೇರಿ ಅವರನ್ನು ಹೆದರಿಸುತ್ತಿದ್ದೀರಿ. ಅಷ್ಟು ಅನುಮಾನ ಇದ್ದರೆ ಸಿಮೆಂಟ್ ಜಾಸ್ತಿ ಹಾಕಿಸಲಿ. 1:3, ಅಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಹಾಕಿಸಿದರೆ ಬಂಡೆ ಆಗುತ್ತದೆ, ಮುಗೀತು.

ಕರಣೆಕೈ
ಬಂಡೆ ಆಗುವುದೇ ಬೇಡ ಸರ್! ಗಾರೆ ಇಟ್ಟಿಗೆಗಿಂತ ಗಟ್ಟಿ ಇರಬಾರದು. ಗೋಡೆ ಅಂದ ಮೇಲೆ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಪಾಯ ಒಂಚೂರು ಕೂರುತ್ತದೆ. ಆ ಅಲುಗಾಟ ಎಲ್ಲಾದರೂ ಹೋಗಬೇಕಲ್ವಾ? ಗಾರೆ ಮೆತ್ತಗಿದ್ದರೆ ಸಂದಿನಲ್ಲಿ ಕೂದಲೆಳೆ ಬಿರುಕು ಬರುತ್ತದೆ, ಮತ್ತೆ ತುಂಬಿಕೊಳ್ಳಬಹುದು. ಗಾರೆ ಗಟ್ಟಿ ಇದ್ದರೆ ಇಟ್ಟಿಗೆಯೇ ಸೀಳುತ್ತದೆ. ಸೀಳಿದ ಇಟ್ಟಿಗೆಯನ್ನು ಏನು ಮಾಡುತ್ತೀರಿ? ಅಲ್ಲದೆ ಸಿಮೆಂಟ್ ಜಾಸ್ತಿಯಾದಷ್ಟೂ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ.

ತೂಗುಗುಂಡು
ಒಂದು ಇಟ್ಟಿಗೆ ದಪ್ಪದ ಗೋಡೆಗೆ 1:6 ಸಾಕು. ಅರ್ಧ ಇಟ್ಟಿಗೆಯ ಅಡ್ಡಗೋಡೆಗೆ 1:4, ಜೊತೆಗೆ ಮೂರು ನಾಲ್ಕು ವರಸೆಗೊಮ್ಮೆ 6 ಮಿ.ಮೀ. ಕಂಬಿ ಎರಡು.

ಅಳತೆ ಸರಿ ಇರಲಿ. 50 ಕೆ.ಜಿ. ಸಿಮೆಂಟ್ ಚೀಲ ಅಂದರೆ ಸುಮಾರು 35 ಲೀಟರ್. ಒಳಗಿನ ಅಳತೆ 40, 35, 25 ಸೆಂ.ಮೀ. ಇರುವ ಒಂದು ಪೆಟ್ಟಿಗೆ ಮಾಡಿಸಿದರೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ. ಒಂದು ಚೀಲಕ್ಕೆ ಆರು ಪೆಟ್ಟಿಗೆ ಮರಳು. ಬಾಂಡ್ಲಿ ಲೆಕ್ಕ ನಂಬಬೇಡಿ. ಒಬ್ಬರು ಗುಡ್ಡೆ ತುಂಬುತ್ತಾರೆ, ಇನ್ನೊಬ್ಬರು ಮಟ್ಟಸ ತುಂಬುತ್ತಾರೆ.

ಮರಳುಜರಡಿ
ಒದ್ದೆ ಮರಳು ಉಬ್ಬುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. 5 ಪರ್ಸೆಂಟ್ ತೇವ ಇದ್ದರೆ ಕಾಲು ಭಾಗದಷ್ಟು ಜಾಸ್ತಿ ಜಾಗ ತುಂಬುತ್ತದೆ. ಅಂದರೆ ಆರು ಪೆಟ್ಟಿಗೆ ಹಾಕಿದ ಹಾಗೆ ಕಂಡರೂ ಒಳಗೆ ಐದೇ ಪೆಟ್ಟಿಗೆಯಷ್ಟು ಮರಳು ಇರುತ್ತದೆ.

ಕೈಯಾರೆ
ಅಮೆರಿಕದಲ್ಲಿ ಗಾರೆಗೆ ಎಂ, ಎಸ್, ಎನ್, ಒ, ಕೆ ಅಂತ ದರ್ಜೆ ಇಟ್ಟಿದ್ದಾರೆ. 'ಮೇಸನ್ ವರ್ಕ್' ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು ಒಂದು ಬಿಟ್ಟು ಒಂದು ಅಕ್ಷರ ತೆಗೆದರೆ ಸಿಗುವ ಅಕ್ಷರಗಳೇ ಅವು. ಎಂ ಎಲ್ಲಕ್ಕಿಂತ ಗಟ್ಟಿ, ಕೆ ಎಲ್ಲಕ್ಕಿಂತ ಮೆದು. ನೆಲದ ಮೇಲಿನ ಸಾಮಾನ್ಯ ಗೋಡೆಗೆ ಅಲ್ಲಿ ಬಳಸುವುದು ನಡುವಿನ ಎನ್. ಗಟ್ಟಿಯಾದಷ್ಟೂ ಒಳ್ಳೆಯದು ಅನ್ನುವ ಹಾಗಿದ್ದರೆ ಐದು ದರ್ಜೆ ಯಾಕೆ ಬೇಕಿತ್ತು ಹೇಳಿ.

ಹಳೇಗೋಡೆ
ಗಟ್ಟಿ ಗಾರೆ ವಿಷಯ ಬಂತಲ್ಲ, ತಡೆಯಲಾಗಲಿಲ್ಲ. ನಮ್ಮ ಹಳೆಯ ಮನೆ ಸುಣ್ಣದ ಗಾರೆಯದ್ದು. ಸಂದುಗಳು ಸವೆದಿದ್ದವು. ಒಬ್ಬ ಗುತ್ತಿಗೆದಾರರು ಬಂದು ಎಲ್ಲವನ್ನೂ ಗಟ್ಟಿ ಸಿಮೆಂಟ್ ಹಾಕಿ ತುಂಬಿಕೊಟ್ಟರು. ನೋಡಲು ಚೆನ್ನಾಗಿತ್ತು. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆಯ ಮುಖಗಳು ಚಕ್ಕೆ ಚಕ್ಕೆಯಾಗಿ ಉದುರಿದವು. ಸಿಮೆಂಟ್ ಸಂದು ಮಾತ್ರ ಹಾಗೇ ಜೇನುಗೂಡಿನ ಗೋಡೆಯಂತೆ ಎದ್ದು ನಿಂತಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಜ್ಜನ ಕಾಲದ ಇಟ್ಟಿಗೆ ಅವು.

ಆಮೇಲೆ ಓದಿ ತಿಳಿದುಕೊಂಡೆ. ಗೋಡೆ ಹೀರಿದ ನೀರು ಹಿಂದೆಲ್ಲ ಸುಣ್ಣದ ಸಂದಿನಿಂದ ಆರಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಇಟ್ಟಿಗೆಯ ಮೂಲಕವೇ ಹೊರಡಬೇಕಾಯ್ತು. ನೀರಿನ ಜೊತೆ ಬಂದ ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟಿ ಅದನ್ನು ಸಿಡಿಸಿತು. ಈಗ ಎಲ್ಲರೂ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದೇ 1824ರಲ್ಲಿ. ಅದಕ್ಕಿಂತ ಹಳೆಯ ಗೋಡೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅದಾದ ಮೇಲೂ ತುಂಬಾ ಕಾಲ ಸುಣ್ಣವೇ ನಡೆದಿತ್ತು.

ಯಾರದ್ದಾದರೂ ಹಳೆ ಗೋಡೆ ಇದ್ದರೆ ದಯವಿಟ್ಟು ಸುಣ್ಣದಲ್ಲೇ ತುಂಬಿಸಿ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯದನ್ನು ಉಳಿಯಲ್ಲಿ ನಿಧಾನವಾಗಿ ಕೆರೆದು ತೆಗೆಸಿ. ಗ್ರೈಂಡರ್ ಹಾಕಲು ಬಿಡಬೇಡಿ, ಇಟ್ಟಿಗೆಯ ಅಂಚು ಹೋಗುತ್ತದೆ.

ಕರಣೆಕೈ
ನಮ್ಮ ಅಪ್ಪ ಸುಣ್ಣದ ಕೆಲಸ ಬಲ್ಲವರು. ಸುಟ್ಟ ಸುಣ್ಣಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ನೀರಿನಡಿಯಲ್ಲೇ ವಾರಗಟ್ಟಲೆ ಬಿಡುತ್ತಿದ್ದರು. ಎಷ್ಟು ದಿನ ಇಟ್ಟರೆ ಅಷ್ಟು ನುಣುಪು ಬೆಣ್ಣೆ. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವುದು, ಅದಕ್ಕೆ ಆತುರ ಇಲ್ಲ ಅನ್ನುತ್ತಿದ್ದರು. ಈಗ ಆ ಕೆಲಸ ಕೇಳುವವರೇ ಕಮ್ಮಿ, ಕಲಿಯುವವರೂ ಕಮ್ಮಿ.

ಓದುಗ42
ಗಾಳಿ ಕುಡಿದು ಅಂದರೆ?

ಹಳೇಗೋಡೆ
ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಸಿಮೆಂಟ್ ಹಾಗಲ್ಲ, ಅದು ನೀರಿನ ಜೊತೆ ಸೇರಿ ಗಟ್ಟಿಯಾಗುವುದು. ಹಾಗಾಗಿ ಸಿಮೆಂಟ್ ನೀರಿನಡಿಯಲ್ಲೂ ಹಿಡಿಯುತ್ತದೆ, ಬರೀ ಸುಣ್ಣ ಹಿಡಿಯಲ್ಲ.

ಹೊಸಗೋಡೆ
ಇದೆಲ್ಲ ಓದಲು ತುಂಬಾ ಚೆನ್ನಾಗಿದೆ. ಆದರೆ ನಾಳೆ ಬೆಳಿಗ್ಗೆ 8ಕ್ಕೆ ಮೇಸ್ತ್ರಿ ಬರುತ್ತಾರೆ, ಏನು ಹೇಳಲಿ?

ಎರಡುಸಲಕಟ್ಟಿದೆ
ಮೊದಲು ಒಂದು ಪ್ರಶ್ನೆ. ಕೂಲಿ ಹೇಗೆ ಮಾತಾಡಿದ್ದೀರಿ? ದಿನಕ್ಕಾ, ಅಳತೆಗಾ?

ಹೊಸಗೋಡೆ
ಅಳತೆಗೆ. ಸಾಮಾನು ನಮ್ಮದು, ಕೆಲಸ ಅವರದ್ದು. ದಿನಗೂಲಿ ಆದರೆ ಎಳೆಯುತ್ತಾರೆ ಅಂತ ಎಲ್ಲರೂ ಹೇಳಿದರು.

ಎರಡುಸಲಕಟ್ಟಿದೆ
ಅಲ್ಲೇ ಇದೆ ನೋಡಿ. ಅಳತೆಗೆ ಕೂಲಿ ಕೊಟ್ಟರೆ ಬೇಗ ಕಟ್ಟಿದಷ್ಟೂ ಅವರಿಗೆ ಲಾಭ. ಸಂದು ತುಂಬುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ತಪ್ಪು ಅವರೊಬ್ಬರದ್ದೇ ಅಲ್ಲ. ನಾನು ಎರಡು ಮನೆ ಕಟ್ಟಿಸಿದೆ. ಮೊದಲನೆಯದರಲ್ಲಿ ಅಳತೆಗೆ ಮಾತಾಡಿ, ಹೇಗೆ ಕಟ್ಟಬೇಕು ಅಂತ ಒಂದು ಮಾತೂ ಆಡಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹಣ ಮುಂಗಡ ಕೊಟ್ಟೆ. ಗೋಡೆ ವಕ್ರವಾಯ್ತು, ಕೇಳಿದರೆ ಅವರು ಮತ್ತೆ ಬರಲಿಲ್ಲ. ಪ್ಲಾಸ್ಟರ್ ಒಂದು ಕಡೆ 10 ಮಿ.ಮೀ., ಇನ್ನೊಂದು ಕಡೆ 40 ಮಿ.ಮೀ. ದಪ್ಪ ಬಂತು. ಗೋಡೆಯಲ್ಲಿ ಉಳಿಸಿದ್ದು ಪ್ಲಾಸ್ಟರಿನಲ್ಲಿ ಹೋಯ್ತು.

ಎರಡನೇ ಸಲ ಬೇರೆ ರೀತಿ ಮಾಡಿದೆ. ಮೇಸ್ತ್ರಿಯನ್ನು ಒಪ್ಪಿಕೊಳ್ಳುವ ಮುಂಚೆ ಅವರು ವರ್ಷದ ಹಿಂದೆ ಮುಗಿಸಿದ ಮನೆಯೊಂದನ್ನು ನೋಡಿದೆ. ಹೊಸ ಕೆಲಸ ಯಾವತ್ತೂ ಚೆನ್ನಾಗೇ ಕಾಣುತ್ತದೆ, ಒಂದು ಮಳೆಗಾಲ ಕಳೆದ ಗೋಡೆ ನೋಡಬೇಕು. ಈಗ ನಡೆಯುತ್ತಿರುವ ಕೆಲಸವನ್ನೂ ಒಂದು ಸಲ ಹೇಳದೆ ಹೋಗಿ ನೋಡಿದೆ. ಕಲಸುವ ಜಾಗ ಹೇಗಿದೆ, ದಾರ ಕಟ್ಟಿದ್ದಾರಾ, ತೂಗುಗುಂಡು ಬಿಡುತ್ತಾರಾ, ಒಡೆದ ಇಟ್ಟಿಗೆ ಎಷ್ಟು ಬಿದ್ದಿದೆ ಅಂತ. ಆಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ತುಂಡು ಗೋಡೆಯನ್ನು ಮಾದರಿಯಾಗಿ ಕಟ್ಟಲು ಹೇಳಿದೆ, ಅದಕ್ಕೆ ಬೇರೆಯಾಗಿ ಕೂಲಿ ಕೊಟ್ಟೆ. ಇಬ್ಬರೂ ಅದನ್ನು ನೋಡಿ, ಇಡೀ ಮನೆ ಹೀಗೇ ಇರಬೇಕು ಅಂತ ಒಪ್ಪಿಕೊಂಡೆವು. ಆಮೇಲೆ ಜಗಳವೇ ಬರಲಿಲ್ಲ. ಏನಾದರೂ ಅನುಮಾನ ಬಂದರೆ ಇಬ್ಬರೂ ಆ ತುಂಡು ಗೋಡೆ ಹತ್ತಿರ ಹೋಗುತ್ತಿದ್ದೆವು.

ಒಂದು ಹಾಳೆಯಲ್ಲಿ ಬರೆದುಕೊಂಡೆವು. ಗಾರೆಯ ಪ್ರಮಾಣ, ಸಂದಿನ ದಪ್ಪ 10 ಮಿ.ಮೀ., ದಿನಕ್ಕೆ ಎಷ್ಟು ಎತ್ತರ, ಸಾರುವೆ ಯಾರದ್ದು, ನೀರು ಹೊಡೆಯುವುದು ಯಾರು, ಬಾಗಿಲು ಕಿಟಕಿಯ ಜಾಗ ಅಳತೆಯಲ್ಲಿ ಕಳೆಯಬೇಕಾ ಬೇಡವಾ. ಈ ಕೊನೆಯದಕ್ಕೇ ಜಾಸ್ತಿ ಜಗಳ ಆಗುವುದು. ಪ್ಲಿಂತ್ (ಮನೆಯ ನೆಲದ ಮಟ್ಟ), ಕಿಟಕಿ ಮಟ್ಟ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡ ತೊಲೆ) ಹೀಗೆ ಹಂತ ಹಂತಕ್ಕೆ ಹಣ. ಕೊನೆಗೆ ಹತ್ತರಲ್ಲಿ ಒಂದು ಪಾಲು ಉಳಿಸಿಕೊಂಡು ಗೋಡೆ ಒಣಗಿದ ಮೇಲೆ ಕೊಟ್ಟೆ.

ಕರಣೆಕೈ
ಉಳಿಸಿಕೊಂಡ ಹಣ ಹೇಳಿದ ದಿನ ಕೊಟ್ಟಿರಲ್ಲ, ಅದು ದೊಡ್ಡದು. ತುಂಬಾ ಜನ ಕೊಡುವುದಿಲ್ಲ. ನಾನು ಮೂರು ಸಲ ಅಲೆದು ಬಿಟ್ಟ ಹಣ ಇದೆ. ಆಮೇಲೆ ಮೇಸ್ತ್ರಿ ಮುಂಗಡ ಜಾಸ್ತಿ ಕೇಳುತ್ತಾನೆ ಅಂತ ಬೈಯುತ್ತಾರೆ.

ಅಕ್ಕ, ನಿಮ್ಮ ಮೇಸ್ತ್ರಿ ನಿಮ್ಮನ್ನು ಮಗಳೇ ಅನ್ನುತ್ತಾರೆ ಅಂದಿರಿ. ಹಾಗಾದರೆ ಕೆಲಸದವರ ಮುಂದೆ ಹೇಳಬೇಡಿ. ಬೇರೆಯಾಗಿ ಕರೆದು ಆ ಬೆಳಕಿನ ಗೆರೆ ತೋರಿಸಿ. "ಇದನ್ನು ಹೇಗೆ ತುಂಬೋಣ" ಅಂತ ಕೇಳಿ. ನನಗೆ ಹಾಗೆ ಕೇಳಿದರೆ ನಾನೇ ಕರಣೆ ತಗೊಂಡು ನಿಲ್ಲುತ್ತೇನೆ. ಇಂಟರ್ನೆಟ್ಟಿನಲ್ಲಿ ಓದಿದೆ ಅಂತ ಶುರು ಮಾಡಿದರೆ ಮಾತ್ರ ಮುಖ ಗಂಟಾಗುತ್ತದೆ.

ಇನ್ನೊಂದು ನೋಡಿ. ಆ 17 ಸಂದು ಗೋಡೆಯ ಯಾವ ಜಾಗದಲ್ಲಿವೆ? ಮೂಲೆಯಲ್ಲಾ, ಮಧ್ಯದಲ್ಲಾ?

ಹೊಸಗೋಡೆ
ಟಾರ್ಚ್ ಹಿಡಿದು ಈಗ ನೋಡಿ ಬಂದೆ. ಎಲ್ಲಾ ಮಧ್ಯದಲ್ಲಿವೆ. ಮೂಲೆಯಲ್ಲಿ ಒಂದೂ ಇಲ್ಲ. ಯಾಕೆ?

ಕರಣೆಕೈ
ಮೂಲೆ ಕಟ್ಟುವುದು ಹಿರಿಯ ಮೇಸ್ತ್ರಿ. ಎರಡು ಮೂಲೆ ತೂಗುಗುಂಡಿಗೆ ಎಬ್ಬಿಸಿ ದಾರ ಕಟ್ಟಿಕೊಟ್ಟು ಮುಂದಿನ ಮೂಲೆಗೆ ಹೋಗುತ್ತಾರೆ. ನಡುವೆ ತುಂಬುವುದು ಎರಡನೆಯವನು. ದಾರ ಇರುವುದರಿಂದ ಗೋಡೆ ನೇರ ಬರುತ್ತದೆ, ಸಂದು ಮಾತ್ರ ಅವನ ಮನಸ್ಸಿಗೆ ಬಿಟ್ಟಿದ್ದು. ನಿಮ್ಮ ಮೇಸ್ತ್ರಿಗೆ ಇದು ಗೊತ್ತಿಲ್ಲದೆಯೂ ಇರಬಹುದು.

ತೂಗುಗುಂಡು
ಒಳ್ಳೆಯ ಪ್ರಶ್ನೆ ಕೇಳಿದಿರಿ ಕರಣೆಕೈ. ನನಗೆ ಹೊಳೆದಿರಲಿಲ್ಲ.

ಕೈಯಾರೆ
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಇಟ್ಟಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಹೇಗೆ? ಅಂಗಡಿಯವರು ಒಂದು ಹೇಳುತ್ತಾರೆ, ಮೇಸ್ತ್ರಿ ಒಂದು.

ತೂಗುಗುಂಡು
ನಿಮ್ಮ ಇಟ್ಟಿಗೆಯನ್ನೇ ಅಳೆಯಿರಿ. ಮೂರೂ ಅಳತೆಗೆ 10 ಮಿ.ಮೀ. ಗಾರೆ ಸೇರಿಸಿ. 190, 90, 90 ಮಿ.ಮೀ. ಇಟ್ಟಿಗೆ ಗಾರೆ ಸೇರಿ 200, 100, 100 ಆಗುತ್ತದೆ. ಹಾಗಾಗಿ ಒಂದು ಘನ ಮೀಟರಿಗೆ ಸರಿಯಾಗಿ 500. ಒಡೆಯುವುದಕ್ಕೆ ನೂರಕ್ಕೆ ಐದು ಜಾಸ್ತಿ ತನ್ನಿ. ಒಂದೇ ಸಲ ತರಿಸಿ, ಎರಡನೇ ಲೋಡಿನ ಇಟ್ಟಿಗೆ ಬಣ್ಣ, ಅಳತೆ ಎರಡೂ ಬೇರೆ ಇರಬಹುದು.

ಹೊಸಗೋಡೆ ಅವರೇ, ಹೊಸ ಗೋಡೆಯನ್ನು ಹಳೆ ಮನೆಗೆ ಹೇಗೆ ಸೇರಿಸಿದ್ದಾರೆ? ಹಳೆಯ ಪಾಯ ಕೂರುವಷ್ಟು ಕೂತಾಗಿದೆ, ಹೊಸದು ಇನ್ನು ಮೇಲೆ ಕೂರುತ್ತದೆ. ಬರೀ ಗಾರೆ ಹಚ್ಚಿ ಅಂಟಿಸಿದ್ದರೆ ಅಲ್ಲಿ ಮೇಲಿಂದ ಕೆಳಗೆ ಬಿರುಕು ಬರುತ್ತದೆ.

ಹೊಸಗೋಡೆ
ಹಳೆ ಗೋಡೆಗೆ ಉಕ್ಕಿನ ಪಟ್ಟಿ ಬೋಲ್ಟ್ ಮಾಡಿ, ಅದರಿಂದ ಹೊರಟ ತುಂಡು ಕಂಬಿಗಳನ್ನು ಸಂದಿನಲ್ಲಿ ಮಲಗಿಸುತ್ತಿದ್ದಾರೆ. ಎರಡೂ ಗೋಡೆ ಸೇರುವ ಕಡೆ ಸಣ್ಣ ಸಂದು ಬಿಟ್ಟಿದ್ದಾರೆ. ಅದನ್ನು ಕೊನೆಗೆ ಎಳೆದರೆ ಹಿಗ್ಗುವಂಥ ಸೀಲಂಟ್ ಹಾಕಿ ಮುಚ್ಚುತ್ತಾರಂತೆ.

ತೂಗುಗುಂಡು
ಹಾಗಾದರೆ ನಿಮ್ಮ ಮೇಸ್ತ್ರಿಗೆ ಕೆಲಸ ಚೆನ್ನಾಗಿ ಗೊತ್ತು. ಧೈರ್ಯವಾಗಿ ಮಾತಾಡಿ.

ನೆಲಮಹಡಿ
ಒಂದು ಮಾತು ಹೇಳಬೇಕು. ಇಲ್ಲಿ ಓದಿ ನಮ್ಮ ಗೋಡೆಗಳನ್ನು ನೋಡಿ ಬಂದೆ. ಮಳೆ ಬಡಿಯುವ ಕಡೆಯ ಗೋಡೆಗೆ ಒಳಗಿನಿಂದ ಬೀರು ಇಟ್ಟಿದ್ದೇವೆ. ಅದನ್ನು ಸರಿಸಿದರೆ ಹಿಂದೆ ಕೈಯಗಲದ ತೇವದ ಕಲೆ, ಸುತ್ತ ಬಿಳಿ ಪುಡಿ. ಸಂದಿನಿಂದಲೇ ಅಂತ ಹೇಳಲಾರೆ. ಆದರೆ ಏನೂ ಆಗಿಲ್ಲ ಅಂತ ಬರೆದಿದ್ದೆ, ಅದು ತಪ್ಪಾಯ್ತು. ಈ ಬಿಳಿ ಪುಡಿಗೆ ಏನು ಮಾಡಲಿ? ತೊಳೆದರೆ ಹೋಗುತ್ತಾ?

ಮರಳುಜರಡಿ
ತೊಳೆಯಬೇಡಿ. ಅದು ಉಪ್ಪು. ನೀರು ಹಾಕಿದರೆ ಕರಗಿ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹೊರಗಿನ ಪ್ಲಾಸ್ಟರಿನಲ್ಲಿ ಬಿರುಕು ಹುಡುಕಿ. ನೀರು ನಿಂತರೆ ಉಪ್ಪೂ ನಿಲ್ಲುತ್ತದೆ.

ಹೊಸಗೋಡೆ
ಮಾತಾಡಿದೆ! ಎಲ್ಲರೂ ಬರುವ ಮುಂಚೆ ಬೆಳಿಗ್ಗೆ ಮೇಸ್ತ್ರಿಯನ್ನು ಒಳಗೆ ಕರೆದೆ. ಬೆಳಕು ತೋರಿಸಿದೆ. ಕರಣೆಕೈ ಅಣ್ಣ ಹೇಳಿದ ಹಾಗೇ "ಇದನ್ನು ಹೇಗೆ ತುಂಬೋಣ" ಅಂತ ಕೇಳಿದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಸಂದಿಗೆ ಬೆರಳು ಇಟ್ಟು ನೋಡಿದರು. "ನಾನು ಹಿಂದೆ ತಿರುಗಿ ನೋಡಬೇಕಿತ್ತು ಮಗಳೇ" ಅಂದರು. ನನಗೆ ಅಳುವೇ ಬಂತು.

ಆಮೇಲೆ ಎರಡನೆಯ ಹುಡುಗನನ್ನು ಕರೆದರು. ಬೈಯಲಿಲ್ಲ. ನಿನ್ನೆ ಇಟ್ಟ ಮೇಲಿನ ಮೂರು ವರಸೆ ಮೆಲ್ಲಗೆ ಬಿಚ್ಚಿಸಿದರು, ಇಟ್ಟಿಗೆ ತೊಳೆಸಿದರು. ಕೆಳಗಿನ ಖಾಲಿ ಸಂದುಗಳಿಗೆ ನೀರು ಚಿಮುಕಿಸಿ, ಗಟ್ಟಿಯಾಗಿ ಕಲಸಿದ ಗಾರೆಯನ್ನು ಎರಡೂ ಕಡೆಯಿಂದ ತೆಳು ಪಟ್ಟಿಯಲ್ಲಿ ತುರುಕಿ ತುಂಬಿಸಿದರು. ಹುಡುಗನ ಪಕ್ಕದಲ್ಲೇ ನಿಂತು 20-30 ಇಟ್ಟಿಗೆಗೆ ಗಾರೆ ಮೆತ್ತುವುದು ತೋರಿಸಿದರು. ನಾನು ಅರ್ಧ ದಿನದ ಕೂಲಿ ಬೇರೆಯಾಗಿ ಕೊಡುತ್ತೇನೆ ಅಂದೆ. ಮೊದಲು ಬೇಡ ಅಂದರು, ಹುಡುಗನಿಗೆ ಕೊಡಿ ಅಂದರು. ಕೊಟ್ಟೆ.

ಕಲಸಲು ತಗಡು ಬಂದಿದೆ. ಇಟ್ಟಿಗೆ ನೆನೆಸಲು ಡ್ರಮ್ ಇಟ್ಟಿದ್ದೇನೆ.

ಎರಡುಸಲಕಟ್ಟಿದೆ
ಓದಿ ತುಂಬಾ ಸಂತೋಷ ಆಯ್ತು.

ಕರಣೆಕೈ
ಆ ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಹುಡುಗನ ಕೈಗೆ ಒಂದು ಜೊತೆ ರಬ್ಬರ್ ಗ್ಲೌಸ್ ಕೊಡಿಸಿ. ಹಸಿ ಸಿಮೆಂಟ್ ಕೈ ಸುಡುತ್ತದೆ. ಸುಟ್ಟಿದ್ದು ಆಗಲೇ ಗೊತ್ತಾಗಲ್ಲ, ರಾತ್ರಿ ಗೊತ್ತಾಗುತ್ತದೆ. ನನ್ನ ಬೆರಳ ತುದಿಗಳು 15 ವರ್ಷದ ಹಿಂದೆಯೇ ಹೋದವು.

ತೂಗುಗುಂಡು
ಹೌದು, ಹಸಿ ಸಿಮೆಂಟ್ ಬಲವಾದ ಕ್ಷಾರ. ಮೈಗೆ ತಾಗಿದರೆ ಕೂಡಲೇ ತುಂಬಾ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದು ನೇರ ಡಾಕ್ಟರ ಹತ್ತಿರ ಹೋಗಬೇಕು. ಇಟ್ಟಿಗೆ ಮೆಷಿನ್ನಿನಲ್ಲಿ ಕತ್ತರಿಸುವಾಗ ಮಾಸ್ಕ್ ಹಾಕಿಸಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನು ಮೇಲೆ ದಿನಕ್ಕೆ ಒಂದೂವರೆ ಮೀಟರ್‌ಗಿಂತ ಜಾಸ್ತಿ ಎತ್ತರ ಎಬ್ಬಿಸಬೇಡಿ, ಕೆಳಗಿನ ಹಸಿ ಸಂದು ಹಿಂಡಿಹೋಗುತ್ತದೆ. ಮಾರನೆ ದಿನದಿಂದ ಕನಿಷ್ಠ 7 ದಿನ ಗೋಡೆ ತೇವ ಇರಲಿ. ಸಂಜೆ ಗೋಡೆಯ ತಲೆ ಮುಚ್ಚಿ, ರಾತ್ರಿ ಮಳೆ ಬಂದರೆ ಹಸಿ ಗಾರೆ ತೊಳೆದುಹೋಗುತ್ತದೆ.

ಹೊಸಗೋಡೆ
ಗ್ಲೌಸ್ ಎರಡು ಜೊತೆ ತರುತ್ತೇನೆ. ಟಾರ್ಪಾಲ್ ಇದೆ. ವೈರಿಂಗಿಗೆ ಗೋಡೆ ಕೊರೆಯುವುದು ಯಾವಾಗ?

ತೂಗುಗುಂಡು
ಗೋಡೆ ಪೂರ್ತಿ ಹಿಡಿದ ಮೇಲೆ, ಪ್ಲಾಸ್ಟರಿಗೆ ಮುಂಚೆ. ಮೇಲಿಂದ ಕೆಳಗೆ ಕೊರೆದರೆ ಗೋಡೆಯ ದಪ್ಪದ ಮೂರರಲ್ಲಿ ಒಂದು ಭಾಗಕ್ಕಿಂತ ಆಳ ಬೇಡ. ಅಡ್ಡ ಕೊರೆದರೆ ಆರರಲ್ಲಿ ಒಂದು ಭಾಗ. ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ. ಸುತ್ತಿಗೆ ಉಳಿ ಬೇಡ, ಕಟರಿನಲ್ಲಿ ಗೆರೆ ಹಾಕಿ ಬಿಡಿಸಲಿ.

ಹೊಸಗೋಡೆ
ಸರಿ. ಈಗಷ್ಟೇ ಒಳಗೆ ನಿಂತು ನೋಡಿದೆ, ಬಿಸಿಲು ಆ ಕಡೆಯೇ ಇತ್ತು. ಒಂದು ಗೆರೆಯೂ ಕಾಣಲಿಲ್ಲ. ಲಿಂಟಲ್ ಮಟ್ಟಕ್ಕೆ ಬಂದಾಗ ಮತ್ತೆ ಬರೆಯುತ್ತೇನೆ.